ಯಲ್ಲಾಪುರದ ಪಿಪಿ ನಂಬರು

ಹೆಗ್ಗರಣೆ
12 ಫೆಬ್ರವರಿ 2001

ಪ್ರೀತಿಯ ರಮ್ಯಾ,

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿಬಿಟ್ಟಿದ್ದೇನೆ. ಬೈಯುವುದಿದ್ದರೆ ಪತ್ರ ಪೂರ್ತಿ ಓದಿದ ಮೇಲೆ ಬೈ.

ಕಳೆದ ವಾರ ಶಿರಸಿಯಲ್ಲಿ ಕರಕುಶಲ ಪ್ರದರ್ಶನವಿತ್ತು. ಅಂಗನವಾಡಿಗೆ ಎರಡು ದಿನ ರಜೆ ಹಾಕಿ ಸುಬ್ಬಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ನಮ್ಮಜ್ಜಿ ಸುಮ್ಮನೆ ಕೂರುವವಳಲ್ಲ, ನಿನಗೇ ಗೊತ್ತು. ಹಲಗೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಎಳೆ ಎಳೆಯುತ್ತ ಕೂತಳು. ಮಧ್ಯಾಹ್ನದ ಹೊತ್ತಿಗೆ ದಂಡಿಗೆ, ಅದರೊಳಗೆ ಮದುಮಕ್ಕಳು, ಸುತ್ತ ಹಕ್ಕಿಸಾಲು ಎಲ್ಲ ಮುಗಿದು ಜನ ಸೇರಿದ್ದರು. ಮೈಸೂರಿನ ಪರಿಮಳಾ ಮೇಡಂ ಅಂತ ಒಬ್ಬರು ಒಂದು ತಾಸು ಅಲ್ಲೇ ನಿಂತು ನೋಡಿದರು. ಜನಪದ ಕಲೆಗಳ ಸಂಗ್ರಹಾಲಯ ಕಟ್ಟಿಸುತ್ತಿದ್ದಾರಂತೆ. ಕಟ್ಟಡ ಮುಗಿದ ಮೇಲೆ ಇಡೀ ಒಂದು ಗೋಡೆ ಅಜ್ಜಿಗೇ ಬಿಟ್ಟುಕೊಡುತ್ತಾರಂತೆ.

ಅಜ್ಜಿ ಕೇಳಿದ್ದು ಒಂದೇ ಮಾತು. "ಅಲ್ಲಿ ಹಬ್ಬಕ್ಕೆ ಗ್ವಾಡೆ ಸಾರ್ಸ್ತಾರಾ?" ಇಲ್ಲ, ಬರೆದದ್ದು ಹಾಗೇ ಇರುತ್ತದೆ ಎಂದರು ಮೇಡಂ. ಅಜ್ಜಿ ಕುಂಚ ಕೆಳಗಿಟ್ಟಳು. ಅರವತ್ತು ವರ್ಷ ಊರೂರಿನ ಮದುವೆಮನೆಗಳಿಗೆ ಚಿತ್ತಾರ ಬರೆದಿದ್ದಾಳೆ, ಇವತ್ತು ಹುಡುಕಿದರೆ ಒಂದೂ ಉಳಿದಿಲ್ಲ. ಎಲ್ಲ ಸಾರಿಸಿ, ಸುಣ್ಣ ಹೊಡೆದು ಹೋಗಿವೆ. ಬಸ್ಸಿನಲ್ಲಿ ಬರುವಾಗ "ಒಂದು ಗ್ವಾಡೆ ಉಳಿದ್ರೆ ಸಾಕು ಮಗಾ" ಅಂದಳು.

ಮೇಡಂ ಫೋನ್ ನಂಬರ್ ಕೇಳಿದರು, ಅಲ್ಲಿ ಸೇರಿದ್ದ ಬೇರೆಯವರೂ ಕೇಳಿದರು. ನಮ್ಮ ಕೇರಿಗೆ ಫೋನ್ ಎಲ್ಲಿದೆ? ನಿನ್ನ ಬೂತಿನ ನಂಬರ್ ಕೊಟ್ಟು ಪಕ್ಕದಲ್ಲಿ ‘ಪಿಪಿ’ ಎಂದು ಬರೆದೆ. ಬೇರೆಯವರ ಫೋನು, ಅವರು ಸುದ್ದಿ ಮುಟ್ಟಿಸುತ್ತಾರೆ ಅಂತ ಅವರಿಗೂ ಅರ್ಥವಾಯಿತು. ಕರೆ ಬಂದರೆ ನೀನೊಂದು ಕಾರ್ಡು ಗೀಚಿದರೆ ಸಾಕು, ಮೂರನೇ ದಿನ ನನ್ನ ಕೈಯಲ್ಲಿರುತ್ತದೆ.

ಟಿಸಿಎಚ್ ಓದುವಾಗ ಹಾಸ್ಟೆಲಿನ ಬಾಗಿಲ ಹಿಂದೆ ನಿನಗೆ ಚಿತ್ತಾರ ಕಲಿಸಿದ ಕಥೆಯನ್ನೂ ಅಜ್ಜಿಗೆ ಹೇಳಿದೆ. ನಾನು ಹಕ್ಕಿಗಳನ್ನು ಹೊರಮುಖ ಮಾಡಿ ಬರೆಯುತ್ತಿದ್ದೆನಲ್ಲ, ಅದಕ್ಕೆ ಈಗಲೂ ಅವಳಿಗೆ ಸಿಟ್ಟು. "ಹಕ್ಕಿ ಮದುಮಕ್ಕಳ್ನ ನೋಡ್ಬೇಕು. ನಿನ್ನ ಹಕ್ಕಿ ಮನೆ ಬಿಟ್ಟು ಹೊಂಟಾವೆ." ನಾನು ತಿದ್ದಿಕೊಂಡಿದ್ದೇನೆ, ನೀನೂ ತಿದ್ದಿಕೋ.

ಇನ್ನೊಂದು. ನಾನೇ ಒಂದು ಫೋನಿಗೆ ಅರ್ಜಿ ಹಾಕಲಾ? ಮನೆಗೂ ಆಗುತ್ತದೆ, ಚಿತ್ತಾರದ ಕೆಲಸಕ್ಕೂ ಆಗುತ್ತದೆ. ದಿನವಿಡೀ ಫೋನಿನ ಜೊತೆ ಬಾಳ್ವೆ ಮಾಡುವವಳು ನೀನು. ನೀನು ಹೇಳಿದ ಹಾಗೆ.

ನಿನ್ನ ತನುಜಾ


ಯಲ್ಲಾಪುರ
1 ಮಾರ್ಚ್ 2001

ತನೂ,

ಬೈಯುವುದಕ್ಕೆ ಏನಿದೆ? ನನ್ನ ಬೂತಿನ ಫೋನು ನಿನ್ನದೂ ಹೌದು. ಗಂಡನ ಅಪ್ಪಣೆ ಬೇಕಲ್ಲ, ನಾಗಪತಿಯವರಿಗೂ ಹೇಳಿದೆ. ಕಾಲು ಸ್ವಾಧೀನವಿಲ್ಲದವರಿಗೆಂದು ಅವರ ಹೆಸರಿಗೆ ಮಂಜೂರಾದ ಬೂತು. ಕೂರುವವಳು ನಾನಾದರೂ ಹೆಗಡೆ ಯಜಮಾನರ ಗತ್ತು ಅವರದು. "ಫೋನ್ ಬಂದ್ರೆ ಅವಕ್ಕೆ ಹೇಳಕ್ಕು, ಅದ್ರಲ್ಲಿ ಎಂತಿದ್ದು" ಅಂದರು.

ಸ್ವಂತ ಫೋನಿನ ಹುಚ್ಚು ಸದ್ಯಕ್ಕೆ ಬಿಡು. ಮನೆಗೆ ಬೇಕಾದ ಫೋನು ಬೇರೆ, ವ್ಯಾಪಾರಕ್ಕೆ ಬೇಕಾದ್ದು ಬೇರೆ, ತಿರುಗಾಟಕ್ಕೆ ಬೇಕಾದ್ದು ಬೇರೆ. ನಿಮ್ಮ ಕೇರಿಗೆ ಲೈನ್ ಬರಬೇಕೆಂದರೆ ಹೆಗ್ಗರಣೆಯಿಂದ ನಾಲ್ಕು ಕಿಲೋಮೀಟರು ಕಾಡಿನೊಳಗೆ ಕಂಬ ನೆಡಬೇಕು. ಒಂದು ಕೊಂಬೆ ಮುರಿದರೆ ಹದಿನೈದು ದಿನ ಫೋನು ಮೂಕ. ಮೊಬೈಲು ಹುಬ್ಬಳ್ಳಿಯವರಿಗಾಯಿತು. ಅರಬೈಲ್ ಘಟ್ಟ ಇಳಿಯುವ ಲಾರಿಯವರು ಸೊಂಟದಲ್ಲಿ ಮೊಬೈಲು ಸಿಕ್ಕಿಸಿಕೊಂಡು ನನ್ನ ಬೂತಿಗೇ ಬಂದು ಎಸ್‌ಟಿಡಿ ಮಾಡುತ್ತಾರೆ. ವ್ಯಾಪಾರಕ್ಕೆ ಮುಖ್ಯ, ರಿಂಗ್ ಆದಾಗ ಎತ್ತುವವರು ಇರಬೇಕು. ಅದಕ್ಕೆ ನಾನಿದ್ದೇನೆ.

ನಿನ್ನ ಫೋನು ಆಗಲೇ ಶುರುವಾಯಿತು ನೋಡು. ಸಿದ್ದಾಪುರದ ಚಂದ್ರಶೇಖರಪ್ಪ ಮೇಷ್ಟ್ರು ಮಾಡಿದ್ದರು. ಮಗಳ ಮದುವೆಗೆ ಏಪ್ರಿಲ್ 22ರೊಳಗೆ ಗೋಡೆ ಬರೆದುಕೊಡಬೇಕಂತೆ. ಮೈಸೂರಿನದು ಬಂದ ದಿನವೇ ಬರೆಯುತ್ತೇನೆ, ಅಜ್ಜಿಗೆ ಹೇಳು.

ರಮ್ಯಾ


ಹೆಗ್ಗರಣೆ
20 ಆಗಸ್ಟ್ 2001

ಪ್ರೀತಿಯ ರಮ್ಯಾ,

ಮೇಷ್ಟ್ರ ಮನೆಯ ಗೋಡೆ ಚೆನ್ನಾಯಿತು. ಆಮೇಲೆ ನೀನು ತಿಳಿಸಿದ ಇನ್ನೆರಡೂ ಮುಗಿದವು. ನೀನಿಲ್ಲದಿದ್ದರೆ ನಮ್ಮನ್ನು ಯಾರು ಕೇಳುತ್ತಿದ್ದರು?

ಅಜ್ಜಿಯದು ದಿನಾ ಒಂದೇ ಪ್ರಶ್ನೆ. ಅಂಗನವಾಡಿಯಿಂದ ಬಂದು ಚಪ್ಪಲಿ ಬಿಡುವುದರೊಳಗೆ "ಪೋನು ಬಂತನೇ?" ಬಲಗಣ್ಣಿಗೆ ಪೊರೆ ಬಂದಿದೆ. ಎಳೆ ಎಳೆಯುವಾಗ ಕೈ ನಡುಗುವುದಿಲ್ಲ, ಆದರೆ ಸಂಜೆಯಾದ ಮೇಲೆ ಸರಿಯಾಗಿ ಕಾಣುವುದಿಲ್ಲ. ಮೈಸೂರಿನವರು ಬೇಗ ಕರೆದರೆ ಚೆನ್ನಾಗಿತ್ತು.

ತಂತಿಯೇ ಇಲ್ಲದ ಡಬ್ಲ್ಯೂಎಲ್‌ಎಲ್ ಫೋನು ಬರುತ್ತದೆ ಅಂತ ತಮ್ಮ ನವೀನ ಹೇಳುತ್ತಾನೆ. ಅದು ನಮಗೆ ಆದೀತಾ?

ತನುಜಾ


ಯಲ್ಲಾಪುರ
18 ನವೆಂಬರ್ 2001

ತನೂ,

ಉತ್ತರ ತಡವಾಯಿತು, ಬೂತಿನಲ್ಲಿ ಬಿಡುವಿಲ್ಲ. ತಂತಿಯಿಲ್ಲದ ಫೋನಿಗೆ ಟವರು ನೇರ ಕಾಣಬೇಕು. ನಿಮ್ಮದು ಗುಡ್ಡದ ಬುಡ. ಮಾಡಿನ ಮೇಲೆ ಆಂಟೆನಾ ಇಟ್ಟು ಕಾಯುತ್ತ ಕೂರುವುದಷ್ಟೇ. ಬೇಡ.

ಬೂತಿನ ಗೋಡೆಗೆ ಒಂದು ಚಿತ್ತಾರ ಬರೆಯೋಣ ಅನ್ನಿಸಿದೆ. ಸಿಮೆಂಟು ಗೋಡೆಯ ಮೇಲೆ ಕೆಮ್ಮಣ್ಣು ಸಿಪ್ಪೆ ಏಳದ ಹಾಗೆ ನಿಲ್ಲಬೇಕಾದರೆ ಏನು ಮಾಡುತ್ತೀರಿ? ದೊಡ್ಡ ಗೋಡೆಗೆ ಮೊದಲು ಎಲ್ಲಿಂದ ಶುರು ಮಾಡಬೇಕು? ಅಜ್ಜಿಯನ್ನು ಕೇಳಿ ಸ್ವಲ್ಪ ವಿವರವಾಗಿ ಬರೆ. ಬೇಗ ಬರೆ.

ಮೈಸೂರಿನದು ಏನೂ ಇಲ್ಲ.

ರಮ್ಯಾ


ಹೆಗ್ಗರಣೆ
2 ಡಿಸೆಂಬರ್ 2001

ಪ್ರೀತಿಯ ರಮ್ಯಾ,

ನಿನ್ನ ಪತ್ರ ಓದಿ ಹೇಳಿದ್ದೇ ತಡ, ಅಜ್ಜಿ ಎದ್ದು ಕೂತಳು. ಎಂಟು ವರ್ಷದ ಮೇಲೆ ನಿನಗೆ ಚಿತ್ತಾರ ನೆನಪಾಯಿತಲ್ಲ ಅಂತ ನನಗಿಂತ ಅವಳಿಗೇ ಖುಷಿ. "ಆ ಹುಡುಗಿಗೆ ಸರಿಯಾಗಿ ಬರ್ದು ಕಳ್ಸು" ಎಂದು ಎದುರಿಗೆ ಕೂರಿಸಿಕೊಂಡು ಬರೆಸಿದಳು.

ಸಿಮೆಂಟಿನ ನುಣುಪು ಹೋಗುವಂತೆ ಒರಟು ಕಲ್ಲಿನಿಂದ ತಿಕ್ಕು. ಮೊದಲ ಕೈ ಸೆಗಣಿಯ ತಿಳಿ. ಕೆಮ್ಮಣ್ಣನ್ನು ಎರಡು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ, ಬೇಲದ ಅಂಟು ಬೆರೆಸಿ ತೆಳ್ಳಗೆ ಮೂರು ಸಲ ಬಳಿ. ಒಮ್ಮೆಲೇ ದಪ್ಪ ಬಳಿದರೆ ಸಿಪ್ಪೆ ಏಳುತ್ತದೆ. ಕಪ್ಪಿಗೆ ಅಕ್ಕಿಯನ್ನು ಕರಿಕಲಾಗುವಷ್ಟು ಹುರಿದು ಅರೆ. ದೊಡ್ಡ ಗೋಡೆಯಾದರೆ ನಡುವಿನ ದಂಡಿಗೆಯಿಂದ ಶುರು ಮಾಡಬೇಡ, ಹೊರಚೌಕಟ್ಟು ಮೊದಲು. ಅಂಟಿನ ವಿಷಯ ಅಜ್ಜಿ ನನಗೂ ಇಲ್ಲಿಯ ತನಕ ಹೇಳಿರಲಿಲ್ಲ. ಪುಣ್ಯವಂತೆ ನೀನು.

ಜನವರಿಯಲ್ಲಿ ನನಗೆ ಕಾರವಾರದಲ್ಲಿ ಹತ್ತು ದಿನದ ತರಬೇತಿ. ಆಗ ಮೈಸೂರಿನ ಕರೆ ಬಂದರೆ ಕಾರ್ಡನ್ನು ನವೀನನ ಹೆಸರಿಗೆ ಹಾಕು.

ತನುಜಾ


ಯಲ್ಲಾಪುರ
4 ಫೆಬ್ರವರಿ 2002

ತನೂ,

ಬೂತಿನ ಗೋಡೆ ಯಾಕೋ ಆಗಲಿಲ್ಲ. ಅಜ್ಜಿಗೆ ನಮಸ್ಕಾರ ಹೇಳು.

ಇಲ್ಲಿ ಇಂಟರ್ನೆಟ್ ಹಾಕಿಸುತ್ತಿದ್ದೇನೆ. ನಿನ್ನ ಹೆಸರಿನಲ್ಲಿ ಒಂದು ಇ-ಮೇಲ್ ಮಾಡಿಡುತ್ತೇನೆ, ಪಾಸ್‌ವರ್ಡ್ ನನ್ನ ಹತ್ತಿರವೇ ಇರಲಿ. ಇನ್ನು ಮುಂದೆ ನಿನಗೆ ಬೇಕಾದವರು ಹಾಗೂ ಸಂಪರ್ಕಿಸಬಹುದು. ಫೋನು, ಮೊಬೈಲು ಅಂತ ನೀನು ತಲೆ ಕೆಡಿಸಿಕೊಳ್ಳಬೇಡ.

ಮೈಸೂರಿನವರ ದಾರಿ ಕಾಯುವುದು ಬಿಡಿ. ದೊಡ್ಡ ಜನ, ಮರೆತಿರುತ್ತಾರೆ.

ರಮ್ಯಾ


ಹೆಗ್ಗರಣೆ
9 ಅಕ್ಟೋಬರ್ 2003

ರಮ್ಯಾ,

ನನ್ನ ಮೂರು ಪತ್ರಕ್ಕೆ ನಿನ್ನದು ಒಂದೂ ಇಲ್ಲ. ಆರಾಮಾಗಿದ್ದೀಯಲ್ಲ?

ಕೆಲಸದ ಕರೆಗಳು ನಿಂತೇ ಹೋದವು ಅನ್ನಿಸುತ್ತಿದೆ. ಒಂದೂವರೆ ವರ್ಷದಲ್ಲಿ ನಿನ್ನಿಂದ ಒಂದು ಕಾರ್ಡೂ ಇಲ್ಲ. ಮೊನ್ನೆ ಸಿದ್ದಾಪುರದಲ್ಲಿ ಚಂದ್ರಶೇಖರಪ್ಪ ಮೇಷ್ಟ್ರು ಸಿಕ್ಕಿದ್ದರು. "ಎರಡನೇ ಮಗಳ ಮದುವೆಗೂ ನಿಮಗೇ ಹೇಳೋಣ ಅಂತ ಫೋನ್ ಮಾಡಿದ್ದೆ ತಂಗಿ, ನೀವು ಆ ಕೆಲಸ ಬಿಟ್ಟಿರಿ ಅಂದ್ರಪ್ಪ" ಅಂದರು. ನಂಬರ್ ತಪ್ಪಾಗಿ ಬೇರೆ ಯಾರಿಗೋ ಹೋಗಿರಬೇಕು ಎಂದೆ.

ನಮ್ಮ ಆಚೆ ಕೇರಿಯ ಮಂಜಪ್ಪನ ಮನೆಗೆ ತಂತಿಯಿಲ್ಲದ ಫೋನು ಬಂದಿದೆ. ಮಾತು ಸ್ವಚ್ಛ ಕೇಳುತ್ತದೆ. ಅವರದ್ದೂ ಗುಡ್ಡದ ಬುಡವೇ. ನಿನಗೆ ಯಾರೋ ತಪ್ಪು ಹೇಳಿರಬೇಕು.

ಅಜ್ಜಿಗೆ ಈಗ ಎಡಗಣ್ಣೂ ಮಬ್ಬು. ಮೈಸೂರಿಗೆಂದು ಸೋಸಿಟ್ಟ ಕೆಮ್ಮಣ್ಣು ಬಿಸ್ಕಿಟಿನ ಡಬ್ಬಿಯಲ್ಲಿದೆ. ಯಾರಿಗೂ ಮುಟ್ಟಲು ಬಿಡುವುದಿಲ್ಲ.

ತನುಜಾ


ಯಲ್ಲಾಪುರ
22 ನವೆಂಬರ್ 2003

ತನುಜಾ,

ನಿನಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಮಂಜಪ್ಪನನ್ನೇ ಕೇಳು. ಹೊಸದರಲ್ಲಿ ಎಲ್ಲ ಫೋನೂ ಸ್ವಚ್ಛ ಕೇಳುತ್ತದೆ. ಇಲ್ಲಿ ಎಲ್ಲರೂ ಮೊಬೈಲು ಹಿಡಿದಿದ್ದಾರೆ, ಬೂತಿಗೆ ಜನವಿಲ್ಲ, ನನಗೆ ನನ್ನದೇ ಸಾಕಷ್ಟಿದೆ. ಮೂರು ವರ್ಷ ಬಿಟ್ಟಿ ಚಾಕರಿ ಮಾಡಿದ್ದಕ್ಕೆ ಇಷ್ಟು ಮಾತು ಕೇಳಬೇಕಾಯಿತು.

ರಮ್ಯಶ್ರೀ


ಹೆಗ್ಗರಣೆ
14 ಜೂನ್ 2004

ರಮ್ಯಶ್ರೀ,

ಕಳೆದ ಶುಕ್ರವಾರ ಅಜ್ಜಿಯ ಕಣ್ಣಿನ ಔಷಧಕ್ಕೆ ಶಿರಸಿಗೆ ಹೋಗಿದ್ದೆ. ಹಾಗೇ ಫೋನಿನ ಅರ್ಜಿಯನ್ನೂ ಹಾಕಿ ಬರೋಣ ಎಂದು ಹೋದೆ. ಕೌಂಟರಿನವರು ನಕ್ಕರು. "ನಿಮ್ಮ ಗುಡ್ಡಕ್ಕೆ ಎರಡು ವರ್ಷದಿಂದ ಸಿಗ್ನಲ್ ಸಿಗ್ತದೆ. ಇಷ್ಟು ದಿನ ಎಂತಕ್ಕೆ ಕಾದಿರಿ?" ಎಂತಕ್ಕೆ ಎಂದು ಹೇಳಲಿ? ನನ್ನ ಗೆಳತಿ ಎಲ್ಲ ತಿಳಿದವಳು ಎಂದು ಹೇಳಲಾ?

ಬಸ್ಸಿಗೆ ಹೊತ್ತಿತ್ತು. ಎದುರಿಗಿದ್ದ ಇಂಟರ್ನೆಟ್ ಅಂಗಡಿಗೆ ಹೋದೆ. ನೀನು ಮಾಡಿದ ನನ್ನ ಇ-ಮೇಲ್ ಹೇಗಿರುತ್ತದೆ ನೋಡೋಣ ಎನ್ನುವ ಆಸೆ. ಪಾಸ್‌ವರ್ಡ್ ಇಲ್ಲದೆ ಆಗುವುದಿಲ್ಲ ಅಂದಳು ಅಂಗಡಿಯ ಹೆಂಗಸು. ಹಾಗಾದರೆ ಮೈಸೂರಿನ ಸಂಗ್ರಹಾಲಯದ ವಿಳಾಸವಾದರೂ ಹುಡುಕಿಕೊಡಿ ಎಂದೆ. ಸಿಕ್ಕಿತು. ‘ಚಿತ್ತಾರದ ಗೋಡೆ’ ಎಂದು ಒಂದು ಫೋಟೋ ಇತ್ತು. ಒತ್ತಿದಳು.

ಫೋಟೋ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯಿತು. ಮೊದಲು ಬರೀ ಕೆಂಪು. ಒಳ್ಳೆಯ ಕೆಂಪು, ಒಂದು ಕಡೆಯೂ ಸಿಪ್ಪೆ ಎದ್ದಿಲ್ಲ. ಆಮೇಲೆ ಚೌಕಟ್ಟಿನ ಎಳೆ. ಯಾರೋ ನಮ್ಮ ಕಡೆಯವರೇ ಬರೆದಿದ್ದಾರೆ ಎಂದು ಆ ಹೆಂಗಸಿಗೆ ಹೇಳುತ್ತಲೇ ಇದ್ದೆ. ಆಮೇಲೆ ಹಕ್ಕಿಸಾಲು ಇಳಿಯಿತು. ಒಂದೊಂದು ಹಕ್ಕಿಯೂ ಮದುಮಕ್ಕಳಿಗೆ ಬೆನ್ನು ಹಾಕಿತ್ತು.

ಲೋಕದಲ್ಲಿ ಹಾಗೆ ಬರೆಯುತ್ತಿದ್ದವಳು ನಾನೊಬ್ಬಳೇ. ಕಲಿಸಿದ್ದು ನಿನ್ನೊಬ್ಬಳಿಗೇ. ಕೆಳಗೆ ನಿನ್ನ ಹೆಸರು ಬರುವ ಮೊದಲೇ ನನಗೆ ಗೊತ್ತಾಗಿತ್ತು. ‘ರಮ್ಯಶ್ರೀ, ಯಲ್ಲಾಪುರ. ಜನವರಿ 2002.’

ಅಂಟಿನ ಪಾಕ ಕೇಳಿ ಬರೆಸಿಕೊಂಡೆಯಲ್ಲ, ಅದೂ ಅಜ್ಜಿಯ ಬಾಯಿಂದಲೇ. ಕದಿಯುವುದಾದರೆ ಸುಮ್ಮನೆ ಕದಿಯಬಾರದಿತ್ತೇ? ಅವಳಿಂದ ಹರಸಿಕೊಂಡೂ ಹೋಗಬೇಕಿತ್ತೇ? ನನಗೆ ಮೋಸ ಮಾಡಿದ್ದನ್ನು ಬೇಕಾದರೆ ನುಂಗಿಕೊಳ್ಳುತ್ತೇನೆ. ಅವಳದು ಒಂದೇ ಗೋಡೆಯ ಆಸೆಯಾಗಿತ್ತು.

ತನುಜಾ


ಯಲ್ಲಾಪುರ
5 ಜುಲೈ 2004

ತನೂ,

ಹತ್ತು ಸಲ ಬರೆದು ಹರಿದೆ. ನಡೆದದ್ದನ್ನು ಹೇಳುತ್ತೇನೆ.

ಕರೆ ಬಂದದ್ದು 2001ರ ನವೆಂಬರ್ ಆರಕ್ಕೆ. ಆ ಕ್ಷಣಕ್ಕೆ ಕಾರ್ಡು ಬರೆಯಬೇಕೆಂದೇ ಇದ್ದೆ, ನಂಬುವುದಿದ್ದರೆ ನಂಬು. ಸುಬ್ಬಮ್ಮ ಹೇಗಿದ್ದಾರೆ ಎಂದು ಮೇಡಂ ಕೇಳಿದರು. ಕಣ್ಣಿಗೆ ಪೊರೆ ಬಂದಿದೆ ಎಂದೆ, ನೀನೇ ಬರೆದಿದ್ದೆ. ಅಯ್ಯೋ, ಹಾಗಾದರೆ ನೀವೂ ಬರೆಯುತ್ತೀರಾ ಎಂದರು. ಬರೆಯುತ್ತೇನೆ ಎಂದು ಬಾಯಿಗೆ ಬಂದುಬಿಟ್ಟಿತು. ತನುಜಾ ಆ ಕೆಲಸ ಬಿಟ್ಟಳು ಎಂದೂ ಹೇಳಿದೆ. ಆಮೇಲೆ ಕರೆ ಮಾಡಿದವರಿಗೆಲ್ಲ ಅದನ್ನೇ ಹೇಳಬೇಕಾಯಿತು. ನೀನು ಸ್ವಂತ ಫೋನ್ ತೆಗೆದುಕೊಂಡರೆ ಎಲ್ಲ ಹೊರಗೆ ಬರುತ್ತದೆ ಎಂದು ಅದನ್ನೂ ತಪ್ಪಿಸಿದೆ.

ಈ ಬೂತಿನಲ್ಲಿ ಕೂತು ಏಳು ವರ್ಷವಾಯಿತು. ಜನ ತುಂಬಿದ್ದಾಗ ದಿನಕ್ಕೆ ನೂರು ಸಲ ರಿಂಗ್ ಆಗುತ್ತಿತ್ತು, ನೂರು ಸಲ ಎತ್ತುತ್ತಿದ್ದೆ. ಒಂದು ಕರೆಯೂ ನನ್ನದಲ್ಲ. ಬೂತು ಗಂಡನ ಹೆಸರಿನದು, ಕರೆ ಊರವರದು, ನಾನು ‘ಹಲೋ, ಯಾರು ಬೇಕು’ ಎನ್ನುವವಳು. ಅವತ್ತು ಆ ಮೇಡಂ ‘ನೀವು’ ಅಂದರು, ತನೂ. ಅಷ್ಟೇ ನಡೆದದ್ದು.

ಮೊನ್ನೆ ನಿನ್ನ ಪತ್ರ ನಾಗಪತಿಯವರ ಕೈಗೆ ಸಿಕ್ಕಿತು. ಮದುವೆಮನೆಗೆ ಅಂತ ಹೇಳಿ ಮೈಸೂರಿಗೆ ಹೋಗಿದ್ದು ಅವರಿಗೂ ಈಗಲೇ ಗೊತ್ತಾದದ್ದು. "ನಂಗಾದ್ರೂ ಹೇಳಿದ್ರೆ ಬ್ಯಾಡ ಹೇಳ್ತಿದ್ನಲೇ" ಅಂದವರು ಆಮೇಲೆ ಮಾತಾಡಿಲ್ಲ.

ರಮ್ಯಾ


ಹೆಗ್ಗರಣೆ
3 ಆಗಸ್ಟ್ 2004

ರಮ್ಯಶ್ರೀ,

ನಮ್ಮ ಮನೆಗೆ ಫೋನು ಬಂದಿದೆ. ನಂಬರನ್ನು ಹಾಳೆಯ ಹಿಂದೆ ಬರೆದಿದ್ದೇನೆ. ಆದರೆ ಫೋನ್ ಮಾಡಬೇಡ, ಬಾ. ಯಾಕೆ ಎಂದು ಓದು.

ಅಜ್ಜಿಗೆ ನಿಜ ಹೇಳಿಬಿಡಬೇಕು ಎಂದು ಶಿರಸಿಯ ಅಂಗಡಿಯಲ್ಲಿ ತೆಗೆಸಿದ್ದ ಆ ಫೋಟೋದ ಪ್ರಿಂಟನ್ನು ಕೈಗೆ ಕೊಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬೆಳಕಿಗೆ ಹೋಗಿ ಎಡಗಣ್ಣಿಗೆ ತಾಗಿಸಿ ಹಿಡಿದಳು. ಬಹಳ ಹೊತ್ತು ನೋಡಿದಳು. "ಹಕ್ಕಿ ತಿರುಗ್ಯಾವೆ" ಅಂದಳು. ಆಮೇಲೆ ನನ್ನ ಮುಖ ನೋಡಿ, "ನೀ ಹೋಗಿ ಬರ್ದು ಬಂದೆ. ನನ್ನ ಬಿಟ್ಟು" ಅಂದಳು.

ನಿನ್ನ ಹೆಸರು ಓದಿ ಹೇಳಿದೆ. "ಓದೂಕೆ ಬಾರ್ದವ್ಳಿಗೆ ಎಂತ ಓದಿದ್ರೂ ಆತು." ಯಲ್ಲಾಪುರದ ರಮ್ಯಶ್ರೀ ಬರೆದದ್ದು ಎಂದೆ. "ಹೆಗಡೇರ ಮನೆ ಹೆಂಗ್ಸು ತನ್ನ ಅಂಗ್ಡಿ ಗ್ವಾಡೆಗೇ ಬರೀಲಿಲ್ಲ, ಮೈಸೂರಿಗೆ ಹೋಗಿ ನಮ್ಮ ಚಿತ್ತಾರ ಬರೀತಾಳಾ? ನಂಬೂ ಮಾತು ಹೇಳು." ಯಾವಾಗ ಬರೆದದ್ದು ಎಂದು ಕೇಳಿದಳು. ಜನವರಿ ಎಂದೆ. ಆ ಜನವರಿಯಲ್ಲಿ ನಾನು ಹತ್ತು ದಿನ ಮನೆಯಲ್ಲಿರಲಿಲ್ಲ, ಕಾರವಾರ ಎಂದು ಹೇಳಿ ಹೋಗಿದ್ದೆ. ಅವಳಿಗೆ ಅದೂ ನೆನಪಿದೆ.

ಇಪ್ಪತ್ತು ದಿನವಾಯಿತು, ನನ್ನ ಕೈಯಿಂದ ಊಟ ತೆಗೆದುಕೊಳ್ಳುತ್ತಿಲ್ಲ. ನವೀನ ಬಡಿಸಬೇಕು.

ನೀನು ಬಂದು ಅವಳ ಎದುರು ಕೂತು ಒಂದು ಹಕ್ಕಿ ಬರೆ. ನಿನ್ನ ಕೈ ಯಾವ ಕಡೆ ತಿರುಗುತ್ತದೆ ಅವಳು ನೋಡಲಿ. ಬೇರೆ ಏನೂ ಕೇಳುವುದಿಲ್ಲ, ಬೈಯುವುದೂ ಇಲ್ಲ. ಯಲ್ಲಾಪುರದಿಂದ ಶಿರಸಿಗೆ ಬಸ್ಸಿದೆ, ಅಲ್ಲಿಂದ ಹೆಗ್ಗರಣೆಗೂ ಇದೆ. ಕಣ್ಣು ಇನ್ನೂ ಸ್ವಲ್ಪ ಕಾಣುತ್ತಿರುವಾಗಲೇ ಬಾ.

ತನುಜಾ


ಯಲ್ಲಾಪುರ
11 ಸೆಪ್ಟೆಂಬರ್ 2004

ತನೂ,

ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬಂದೆ. ನಿಮ್ಮ ಕೇರಿಯ ಜನರ ಎದುರು ಆ ಹಕ್ಕಿ ಬರೆಯುವ ಧೈರ್ಯ ನನಗಿಲ್ಲ. ನಿನ್ನೆ ಫೋನಿನಲ್ಲಿ ಅಜ್ಜಿಗೆ ಎಲ್ಲವನ್ನೂ ಹೇಳಿದೆನಲ್ಲ. ಒಂದೂ ಮುಚ್ಚಿಡದೆ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅರ್ಥವಾಗಿರುತ್ತದೆ ಎಂದುಕೊಂಡಿದ್ದೇನೆ.

ರಮ್ಯಾ


ಹೆಗ್ಗರಣೆ
19 ಡಿಸೆಂಬರ್ 2004

ರಮ್ಯಶ್ರೀ,

ಸುಬ್ಬಜ್ಜಿ ಈ ತಿಂಗಳ ಎರಡನೇ ತಾರೀಕು ತೀರಿಕೊಂಡಳು.

ನೀನು ಫೋನ್ ಮಾಡಿದ ದಿನ ರಿಸೀವರನ್ನು ನಾನೇ ಅವಳ ಕಿವಿಗೆ ಹಿಡಿದಿದ್ದೆ. ಮುಗಿದ ಮೇಲೆ ಅವಳು ಹೇಳಿದ್ದು ಇಷ್ಟು: "ಮೂರು ವರ್ಷ ಬಾರ್ದೇ ಇದ್ದ ಪೋನು ಈಗ ಬಂತಾ? ಯಾರ ಹತ್ರ ಹೇಳಿ ಮಾಡ್ಸಿದೆ?" ಅದಕ್ಕೇ ಬಾ ಎಂದು ಬರೆದಿದ್ದೆ. ನಿನಗೆ ಫೋನೇ ಸುಲಭವಾಯಿತು.

ನವೆಂಬರಿನಲ್ಲಿ ಆ ಬಿಸ್ಕಿಟಿನ ಡಬ್ಬಿಯ ಕೆಮ್ಮಣ್ಣು ತೆಗೆದು ಅವಳ ಹಾಸಿಗೆಯ ಪಕ್ಕದ ಗೋಡೆಗೆ ಬಳಿದೆ. ಒಂಬತ್ತು ದಿನ ಬರೆದೆ. ಅವಳ ಕಣ್ಣು ಪೂರ್ತಿ ಹೋಗಿತ್ತು. ಕೈ ಹಿಡಿದು ಗೋಡೆಗೆ ತಾಗಿಸಿದೆ. ಎಳೆಗಳ ಮೇಲೆ ಬೆರಳಾಡಿಸುತ್ತ ಹಕ್ಕಿಗಳ ಹತ್ತಿರ ಬಂದು ಒಂದೊಂದರ ಕೊಕ್ಕನ್ನೂ ಮುಟ್ಟಿ ನೋಡಿದಳು. ಎಲ್ಲವೂ ಒಳಮುಖವಾಗಿಯೇ ಇದ್ದವು. ನಾಲ್ಕು ತಿಂಗಳ ಮೇಲೆ ಮೊದಲ ಸಲ ನನ್ನ ಹತ್ತಿರ ಸಿಟ್ಟಿಲ್ಲದೆ ಮಾತಾಡಿದಳು.

"ಸರಿ ಬರ್ದೀಯೆ. ಗೊತ್ತಿದ್ದೂ ಅಲ್ಲೆಂತಕೆ ಹಂಗೆ ಬರ್ದೆ?"

ನಾನು ತಪ್ಪಾಯಿತು ಅಜ್ಜೀ ಎಂದೆ. ಇನ್ನೇನು ಹೇಳಲಿ? ಆಗ ನನ್ನ ತಲೆ ಸವರಿದಳು. ನೀನು ಮಾಡಿದ್ದಕ್ಕೆ ನಾನು ಕ್ಷಮೆ ಕೇಳಿದೆ, ಅವಳು ಕ್ಷಮಿಸಿದ್ದು ನನ್ನನ್ನು.

ಪರಿಮಳಾ ಮೇಡಂಗೆ ಎಲ್ಲ ಬರೆದಿದ್ದೆ. ನಿನ್ನೆ ಅವರು ಫೋನ್ ಮಾಡಿದರು, ನಮ್ಮ ಮನೆಯ ಫೋನಿಗೇ. ತುಂಬ ನೊಂದುಕೊಂಡರು. ಆ ಗೋಡೆಯನ್ನು ಕೆರೆಸಿ, ಸುಬ್ಬಮ್ಮನ ಹೆಸರಿನಲ್ಲಿ ನೀವೇ ಹೊಸದಾಗಿ ಬರೆಯಿರಿ ಎಂದರು. ಬೇಡ ಎಂದೆ. ಹೆಸರನ್ನಾದರೂ ಬದಲಿಸುತ್ತೇವೆ ಎಂದರು. ಅದೂ ಬೇಡ ಎಂದೆ.

ನಮ್ಮ ಮನೆಯ ಗೋಡೆಯನ್ನು ಬರುವ ಹಬ್ಬಕ್ಕೆ ಸಾರಿಸುತ್ತೇವೆ. ಅದು ನಮ್ಮ ಪದ್ಧತಿ, ತಪ್ಪಿದ್ದರೂ ಒಪ್ಪಿದ್ದರೂ ವರ್ಷಕ್ಕೊಮ್ಮೆ ಅಳಿಸಿಹೋಗುತ್ತದೆ. ನಿನ್ನದನ್ನು ಯಾರೂ ಸಾರಿಸುವುದಿಲ್ಲ. ಹಕ್ಕಿಗಳು ಹಾಗೇ ಇರುತ್ತವೆ, ಕೆಳಗೆ ನಿನ್ನ ಹೆಸರೂ ಇರುತ್ತದೆ.

ನಮ್ಮ ಫೋನ್ ನಂಬರನ್ನು ಹೊಡೆದುಹಾಕು.

ತನುಜಾ